ಮೋಸ ಹೋದವಳು ಮುಚ್ಚಿಡಬೇಕಾಗಿಲ್ಲ

(ತಿಕೋಟಾ ಮತ್ತು ಬಬಲೇಶ್ವರ ಭಾಗದ ಸ್ವಸಹಾಯ ಸಂಘಗಳ ಮಹಿಳೆಯರಿಗಾಗಿ ವಿಜಯಪುರದಲ್ಲಿ ನಡೆದ ಸಭೆಯಲ್ಲಿ ಮಾಡಿದ ಭಾಷಣದ ಬರೆಹರೂಪ)



ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ಬಗ್ಗೆ ಮಾತನಾಡಲು ಸೇರುವ ನಾವು ಇಂದು ಮೊಬೈಲಿನಲ್ಲಿ ನಡೆಯುವ ಮೋಸದ ಬಗ್ಗೆ ಮಾತನಾಡುತ್ತಿದ್ದೇವೆ. ಇದು ವಿಷಯಾಂತರವಲ್ಲವೇ ಎಂದು ಸಭೆಗೆ ಮುಂಚೆ ಒಬ್ಬರು ನನ್ನನ್ನು ಕೇಳಿದರು. ಅಲ್ಲ ಎನ್ನುವುದಕ್ಕೆ ನನಗೆ ಗೊತ್ತಿರುವ ಒಂದು ಸಂಗತಿಯನ್ನು ಹೇಳುತ್ತೇನೆ. ಆ ಹೆಣ್ಣುಮಗಳ ಹೆಸರು ಹೇಳುವುದಿಲ್ಲ, ಊರನ್ನೂ ಹೇಳುವುದಿಲ್ಲ.

ಅವಳು ದ್ರಾಕ್ಷಿ ಪಡಗಳಲ್ಲಿ ಕೂಲಿ ಮಾಡುವವಳು. ತಂಗಿಯ ಕುಬಸಕ್ಕೆ ಒಂದು ಸೀರೆ ಒಯ್ಯಬೇಕೆಂದು ಮೊಬೈಲಿನಲ್ಲಿ ನೋಡುತ್ತಿದ್ದಾಗ ಇಳಕಲ್ ಸೀರೆಯ ಜಾಹೀರಾತು ಕಂಡಿತು. ಬೆಲೆ 499 ರೂಪಾಯಿ. ರೊಕ್ಕ ಕಳಿಸಿದಳು. ಸೀರೆ ಬರಲಿಲ್ಲ. ಮೊಬೈಲಿನಲ್ಲೇ ಹುಡುಕಿ ಒಂದು ನಂಬರಿಗೆ ಫೋನು ಮಾಡಿದಳು. ಆ ಕಡೆಯವನು ಬಹಳ ಸಭ್ಯವಾಗಿ ಮಾತನಾಡಿದ. "ನಿಮ್ಮ ರೊಕ್ಕ ವಾಪಸು ಕೊಡತೀವ್ರಿ ಅಕ್ಕಾರ, ನಾ ಕಳಿಸೋ ಆ್ಯಪ್ ಹಾಕ್ಕೊಳ್ಳಿ" ಎಂದ. ಹಾಕಿಕೊಂಡಳು. ಆ ಕ್ಷಣದಿಂದ ಅವಳ ಮೊಬೈಲಿನಲ್ಲಿ ಕಾಣುವುದೆಲ್ಲ ಅವನಿಗೂ ಕಾಣತೊಡಗಿತು. ಸಂಜೆಯೊಳಗೆ ಖಾತೆಯಲ್ಲಿದ್ದ ಇಪ್ಪತ್ಮೂರು ಸಾವಿರ ಹೋಗಿತ್ತು.

ಅವಳು ಹನ್ನೆರಡು ದಿನ ಯಾರಿಗೂ ಹೇಳಲಿಲ್ಲ. ಸಂಘದ ಸಭೆಗೂ ಬರಲಿಲ್ಲ. ಹದಿಮೂರನೆಯ ದಿನ ಗಂಡನಿಗೆ ಗೊತ್ತಾಯಿತು. ಹೊಡೆದ. "ಕಳದದ್ದನ್ನ ನಿನ್ನ ತವರಿನಿಂದ ತಂದು ತುಂಬು" ಎಂದು ಹೊರಗೆ ಹಾಕಿದ. ಅಣ್ಣ ಸಾಲ ಮಾಡಿ ಹದಿನೈದು ಸಾವಿರ ತಂದುಕೊಟ್ಟ ಮೇಲೆ ಅವಳು ಮತ್ತೆ ಆ ಮನೆಯ ಹೊಸ್ತಿಲು ದಾಟಿದಳು.

ಈಗ ಯೋಚಿಸಿ. ಮೊದಲ ಕಳ್ಳ ಎಲ್ಲಿಯವನೋ ನಮಗೆ ತಿಳಿಯದು. ಆದರೆ ಹನ್ನೆರಡು ದಿನ ಅವಳ ಬಾಯಿ ಕಟ್ಟಿದವರು ಯಾರು? ಅವಳ ಮನೆಯಲ್ಲಿದ್ದ ಭಯ. ಆ ಭಯ ಇಲ್ಲದಿದ್ದರೆ ಅವಳು ಅಂದೇ ಸಂಜೆ ಬ್ಯಾಂಕಿಗೆ, ಪೊಲೀಸರಿಗೆ ತಿಳಿಸುತ್ತಿದ್ದಳು; ಪೂರ್ತಿ ಅಲ್ಲದಿದ್ದರೂ ಸ್ವಲ್ಪ ರೊಕ್ಕವಾದರೂ ಉಳಿಯುವ ಸಾಧ್ಯತೆ ಇತ್ತು. ಹೆಂಗಸರ ಈ ಮೌನದ ಲೆಕ್ಕ ಮೋಸಗಾರನಿಗೆ ಚೆನ್ನಾಗಿ ಗೊತ್ತಿದೆ. ಅವನ ಅರ್ಧ ಬಂಡವಾಳ ನಮ್ಮ ನಾಚಿಕೆ ಮತ್ತು ನಮ್ಮ ಹೆದರಿಕೆ. ನನ್ನ ಇಂದಿನ ಮಾತಿನ ತಿರುಳು ಇಷ್ಟೇ: ಮೋಸ ಆಗದಂತೆ ನೋಡಿಕೊಳ್ಳಬೇಕು, ಆದರೆ ಆದ ಮೇಲೆ ಮುಚ್ಚಿಡಲೇಬಾರದು.

ಮೋಸ ಹೋಗುವವರು ಓದು ಬಾರದ ಹೆಂಗಸರು ಮಾತ್ರ ಎಂಬ ಭಾವನೆಯನ್ನು ಮೊದಲು ಬಿಡಬೇಕು. 2024ನೆಯ ಇಸವಿಯೊಂದರಲ್ಲೇ ಸೈಬರ್ ವಂಚನೆಯಿಂದ ಭಾರತೀಯರು ಕಳೆದುಕೊಂಡ ಹಣ 22,845 ಕೋಟಿ ರೂಪಾಯಿಗಿಂತ ಹೆಚ್ಚು ಎಂದು ಕೇಂದ್ರ ಸರಕಾರ 2025ರಲ್ಲಿ ಲೋಕಸಭೆಗೆ ತಿಳಿಸಿತು. ಇದು ಬರೀ ಕೂಲಿಯವರ ಹಣವಲ್ಲ. ಇದರಲ್ಲಿ ವೈದ್ಯರು, ಇಂಜಿನಿಯರುಗಳು, ನಿವೃತ್ತ ಅಧಿಕಾರಿಗಳು ಎಲ್ಲರೂ ಇದ್ದಾರೆ. ಗಂಡಸು ಲಕ್ಷ ಕಳೆದುಕೊಂಡರೆ "ಕಾಲ ಕೆಟ್ಟೈತಿ" ಎನ್ನುವ ಮನೆಯೇ, ಹೆಂಗಸು ಸಾವಿರ ಕಳೆದುಕೊಂಡರೆ "ಇಕಿಗೆ ಬುದ್ಧಿ ಇಲ್ಲ" ಎನ್ನುತ್ತದೆ. ಈ ಎರಡು ತಕ್ಕಡಿಯನ್ನು ನಾವು ಒಪ್ಪಬಾರದು.

2025ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಮನಗೂಳಿಯಲ್ಲಿ ಬ್ಯಾಂಕಿಗೆ ನುಗ್ಗಿ ಕಳ್ಳರು ಬಂಗಾರ ಒಯ್ದದ್ದು ನಿಮಗೆಲ್ಲ ನೆನಪಿದೆ. ಆ ಕಳ್ಳರು ಬ್ಯಾಂಕಿನ ಒಳಗೆ ನುಗ್ಗಬೇಕಾಯಿತು. ಮೊಬೈಲಿನ ಕಳ್ಳ ಏನನ್ನೂ ಮುರಿಯುವುದಿಲ್ಲ. ಕೀಲಿಯನ್ನು ನಮ್ಮ ಕೈಯಿಂದಲೇ ತೆಗೆಸುತ್ತಾನೆ. ಹೇಗೆ ತೆಗೆಸುತ್ತಾನೆ ಎಂಬುದಕ್ಕೆ ವಿಜಯಪುರದ್ದೇ ಒಂದು ನಿದರ್ಶನ ಇದೆ. 2024ರ ಅಕ್ಟೋಬರ್ 27ರಂದು ಪ್ರಧಾನಿಯವರು ತಮ್ಮ 'ಮನ್ ಕೀ ಬಾತ್' ಆಕಾಶವಾಣಿ ಕಾರ್ಯಕ್ರಮದಲ್ಲಿ ಒಂದು ಫೋನು ಸಂಭಾಷಣೆಯನ್ನು ಕೇಳಿಸಿದರು. ಪೊಲೀಸನ ವೇಷದಲ್ಲಿ ಮಾತನಾಡಿದವನು ಮೋಸಗಾರ. ಈ ಕಡೆ ಮಾತನಾಡಿದವರು ವಿಜಯಪುರದವರು ಎಂದು ಪತ್ರಿಕೆಗಳಲ್ಲಿ ಬಂದಿತು. ನಿಮ್ಮ ನಂಬರಿನ ಮೇಲೆ ದೂರುಗಳಿವೆ, ಹೇಳಿಕೆ ಕೊಡಿ, ಆಧಾರ್ ಕಾರ್ಡು ತೋರಿಸಿ ಎಂದು ಅವನು ಒತ್ತಾಯಿಸುತ್ತಿದ್ದ. ನಮ್ಮ ಊರಿನವರು ಗಾಬರಿಯಾಗಲಿಲ್ಲ. ಕಾರ್ಡು ಈಗ ನನ್ನ ಹತ್ತಿರ ಇಲ್ಲ ಎನ್ನುತ್ತ ಇಡೀ ಮಾತುಕತೆಯನ್ನು ದಾಖಲು ಮಾಡಿಕೊಂಡರು.

ಈ ಮೋಸಕ್ಕೆ ಮೂರು ಮೆಟ್ಟಿಲುಗಳಿವೆ ಎಂದು ಆ ದಿನ ವಿವರಿಸಲಾಯಿತು. ಮೊದಲು ನಮ್ಮ ಬಗ್ಗೆ ಮಾಹಿತಿ ಕಲೆಹಾಕುತ್ತಾರೆ. ಆಮೇಲೆ ಹೆದರಿಸುತ್ತಾರೆ. ಕೊನೆಗೆ ಯೋಚಿಸಲು ಸಮಯ ಕೊಡದೆ ಅವಸರಪಡಿಸುತ್ತಾರೆ. ಇದರ ಪಕ್ಕದಲ್ಲಿ ಇನ್ನೊಂದನ್ನು ಸೇರಿಸಿಕೊಳ್ಳಿ: ಕೆಲವರು ಹೆದರಿಸುವ ಬದಲು ಆಸೆ ತೋರಿಸುತ್ತಾರೆ. ಭಯವಾಗಲಿ ಆಸೆಯಾಗಲಿ, ಜೊತೆಗೆ ಅವಸರ ಇದ್ದರೆ ಅದು ಮೋಸ ಎಂದೇ ತಿಳಿಯಿರಿ. ಸಿದ್ಧೇಶ್ವರ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡುತ್ತಾರೆ, ಸುತ್ತು ಹಾಕಿಸುತ್ತಾರೆ, ನಾಲ್ಕು ಮಂದಿಯನ್ನು ಕೇಳುತ್ತಾರೆ. ಮಾರುವವನು "ಐದು ನಿಮಿಷದಾಗ ರೊಕ್ಕ ಕೊಡು, ಯಾರಿಗೂ ಹೇಳಬ್ಯಾಡ" ಎಂದರೆ ಕೊಳ್ಳುತ್ತೀರಾ? ಮೊಬೈಲಿನಲ್ಲೂ ಅದೇ ವಿವೇಕ ಸಾಕು.

ಇನ್ನು ನಮ್ಮ ಹೆಣ್ಣುಮಕ್ಕಳಿಗೆ ಹೆಚ್ಚಾಗಿ ಎದುರಾಗುವ ಮೋಸಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಕೊಳ್ಳುವಾಗ ಆಗುವ ಮೋಸ. ಕೈಮಗ್ಗದ ಅಸಲಿ ಇಳಕಲ್ ಸೀರೆ 499 ರೂಪಾಯಿಗೆ ಬರುವುದಿಲ್ಲ ಎಂಬುದು ಸೀರೆ ಉಡುವ ನಮಗಿಂತ ಯಾರಿಗೆ ಗೊತ್ತು? ಹೊಸ ಅಂಗಡಿಯ ಜಾಹೀರಾತು ಕಂಡರೆ ಅವರ ಪೂರ್ಣ ವಿಳಾಸ, ದೂರು ಕೇಳುವ ಅಧಿಕಾರಿಯ ಹೆಸರು ಇದೆಯೇ ನೋಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಇವೆರಡನ್ನೂ ಪ್ರಕಟಿಸಲೇಬೇಕು. ದೂರು ಬಂದದ್ದನ್ನು 48 ಗಂಟೆಯೊಳಗೆ ಒಪ್ಪಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಗೊತ್ತಿಲ್ಲದ ಅಂಗಡಿಗೆ ಮೊದಲೇ ರೊಕ್ಕ ಕಳಿಸಬೇಡಿ. ವಸ್ತು ಕೈಗೆ ಬಂದ ಮೇಲೆ ಕೊಡುವ ಸೌಲಭ್ಯವಿದ್ದರೆ ಅದನ್ನೇ ಆರಿಸಿ. ಪೊಟ್ಟಣ ಒಡೆಯುವಾಗ ಮಗಳ ಕೈಯಲ್ಲಿ ಮೊಬೈಲು ಕೊಟ್ಟು ಚಿತ್ರೀಕರಿಸಿಟ್ಟುಕೊಳ್ಳಿ. ಕಂಪನಿಯ ಫೋನು ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಮೋಸಗಾರರು ತಮ್ಮ ನಂಬರನ್ನೇ ಅಲ್ಲಿ ಹಾಕಿರುತ್ತಾರೆ. ಸೀರೆಯ ಆ ಹೆಣ್ಣುಮಗಳು ಸಿಕ್ಕಿಬಿದ್ದದ್ದು ಇಲ್ಲಿಯೇ. ನೀವು ಕೊಂಡ ಆ್ಯಪಿನ ಒಳಗೆ, ಅಥವಾ ಬಿಲ್ಲಿನ ಮೇಲೆ ಇರುವ ನಂಬರಿಗೆ ಮಾತ್ರ ಮಾಡಿ. ಕೊಂಡ ವಸ್ತು ಕೆಟ್ಟದ್ದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ನೀವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ದೂರು ಕೊಡಬಹುದು ಎಂದು 2019ರ ಕಾಯಿದೆ ಹೇಳುತ್ತದೆ. ಬೆಂಗಳೂರಿಗೋ ದಿಲ್ಲಿಗೋ ಹೋಗಬೇಕಾಗಿಲ್ಲ.

ಎರಡನೆಯದು ಮಾರುವಾಗ ಆಗುವ ಮೋಸ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಣದ್ರಾಕ್ಷಿ ಮಾರುವ ಸಂಘಗಳು ಇಲ್ಲಿ ಅನೇಕ ಇವೆ. ನಿಮಗೆ ಒಂದು ಫೋನು ಬರಬಹುದು: "ನಾನು ಸೈನ್ಯದ ಅಧಿಕಾರಿ, ನಮ್ಮ ಕ್ಯಾಂಪಿಗೆ ಐದುನೂರು ರೊಟ್ಟಿ ಬೇಕು, ರೊಕ್ಕ ಮೊದಲೇ ಹಾಕುತ್ತೇನೆ, ಈ ಚೌಕ ಗುರುತನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ." ಇಲ್ಲಿ ಒಂದು ಮಾತನ್ನು ಸಂಘದ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ: ರೊಕ್ಕ ಬರುವುದಕ್ಕೆ ಪಿನ್ ಬೇಡ, ಸ್ಕ್ಯಾನೂ ಬೇಡ. ಕೊಡುವವರು ಸ್ಕ್ಯಾನ್ ಮಾಡಬೇಕು, ಕೊಡುವವರು ಪಿನ್ ಒತ್ತಬೇಕು. ಯಾರಾದರೂ ನಿಮ್ಮಿಂದ ಪಿನ್ ಒತ್ತಿಸುತ್ತಿದ್ದಾರೆ ಎಂದರೆ ರೊಕ್ಕ ಹೋಗುತ್ತಿದೆ ಎಂದೇ ಅರ್ಥ. ಯುಪಿಐ ಆ್ಯಪಿನಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಕೋರಿಕೆ ಕಳಿಸುವ ಸೌಲಭ್ಯವನ್ನು ಈ ಬಗೆಯ ಮೋಸದ ಕಾರಣಕ್ಕೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಯಿತು. ಆದರೆ ಸ್ಕ್ಯಾನ್ ಮಾಡಿಸುವ ಮೋಸ ನಿಂತಿಲ್ಲ. "ತಪ್ಪಿ ನಿಮಗೆ ಐದು ಸಾವಿರ ಹಾಕೀನಿ, ವಾಪಸು ಕಳಿಸಿ" ಎಂಬ ಫೋನು ಬಂದರೂ ಮೆಸೇಜನ್ನು ನಂಬಬೇಡಿ. ಖಾತೆಯ ಬಾಕಿ ನೋಡಿ. ನಿಜವಾಗಿ ಬಂದಿದ್ದರೆ ಬ್ಯಾಂಕಿನ ಮೂಲಕ ಹಿಂದಿರುಗಿಸುತ್ತೇನೆ ಎನ್ನಿ.

ಮೂರನೆಯದು ಸರಕಾರದ ಯೋಜನೆಯ ಹೆಸರಿನ ಮೋಸ. 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ತಿಂಗಳಿಗೆ 2,000 ರೂಪಾಯಿ ಮನೆಯೊಡತಿಯ ಖಾತೆಗೇ ಬರುವಂತಾಯಿತು. ತನ್ನ ಹೆಸರಿನಲ್ಲಿ ಜೀವನದಲ್ಲಿ ಮೊದಲ ಸಲ ರೊಕ್ಕ ಕಂಡ ಹೆಂಗಸರು ನಮ್ಮ ನಡುವೆಯೇ ಇದ್ದಾರೆ. ಕಂತು ತಡವಾದಾಗ "ಈ ಲಿಂಕ್ ಒತ್ತಿರಿ, ಬಾಕಿ ಕಂತು ಬರುತ್ತದೆ" ಎಂದರೆ ಮನಸ್ಸು ಜಾರುವುದು ಸಹಜ. ಒತ್ತಬೇಡಿ. ಅಂಗನವಾಡಿಯಲ್ಲಿ, ಇಲ್ಲವೇ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ಕೇಳಿ. ಬ್ಯಾಂಕಿನ ಹೆಸರಿನಲ್ಲಿ ಬರುವ ಫೋನೂ ಹಾಗೆಯೇ. ನಮ್ಮ ಭಾಗದ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿಹೋಯಿತು. ಇಂಥ ಬದಲಾವಣೆಯೇ ಮೋಸಗಾರನಿಗೆ ನೆಪ: "ನಿಮ್ಮ ಖಾತೆ ಬಂದಾಗುತ್ತದೆ, ಓಟಿಪಿ ಹೇಳಿ." ಯಾವ ಬ್ಯಾಂಕೂ ಫೋನಿನಲ್ಲಿ ಓಟಿಪಿ ಕೇಳುವುದಿಲ್ಲ. ಅನುಮಾನ ಬಂದರೆ ಪಾಸ್‌ಬುಕ್ ಹಿಡಿದು ಶಾಖೆಗೆ ನಡೆದುಹೋಗಿ. ಬ್ಯಾಂಕುಗಳ ವೆಬ್‌ಸೈಟಿನ ವಿಳಾಸ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದೇ ಮುಗಿಯಬೇಕೆಂದು ರಿಸರ್ವ್ ಬ್ಯಾಂಕು ಆದೇಶಿಸಿ, 2025ರ ಅಕ್ಟೋಬರ್ ಕೊನೆಯವರೆಗೆ ಗಡುವು ಕೊಟ್ಟಿತ್ತು. ಮಕ್ಕಳಿಗೆ ಇದನ್ನು ನೋಡಲು ಹೇಳಿಕೊಡಿ.

ನಾಲ್ಕನೆಯದು ಹೆಬ್ಬೆಟ್ಟಿನ ಮೋಸ. ಊರಿನಲ್ಲೇ ಹೆಬ್ಬೆಟ್ಟು ಒತ್ತಿ ರೊಕ್ಕ ತೆಗೆಯುವವರು ಎಚ್ಚರದಿಂದಿರಬೇಕು. "ಸರ್ವರ್ ಇಲ್ಲ, ಮತ್ತೊಮ್ಮೆ ಒತ್ತವ್ವಾ" ಎಂದರೆ ಮೊದಲ ಸಲದ ಚೀಟಿ ಕೇಳಿ. ಪ್ರತಿ ಸಲವೂ ಚೀಟಿ ತೆಗೆದುಕೊಳ್ಳಿ, ವಾರಕ್ಕೊಮ್ಮೆ ಪಾಸ್‌ಬುಕ್ ತುಂಬಿಸಿ. ಆಸ್ತಿ ನೋಂದಣಿ ಪತ್ರಗಳ ಮೇಲಿನ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ ಖಾತೆಯಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬೆಳಕಿಗೆ ಬಂದವು. ಆಧಾರ್‌ನ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದೆ. ಅದರ ಬಗ್ಗೆ 1947 ನಂಬರಿಗೆ ಫೋನು ಮಾಡಿ ಕೇಳಬಹುದು.

ಐದನೆಯದು ಮದುವೆಯ ಹೆಸರಿನಲ್ಲಿ ಬರುವ ಮೋಸ. ವಾಟ್ಸ್ಯಾಪಿನಲ್ಲಿ ಲಗ್ನಪತ್ರಿಕೆ ಎಂದು ಒಂದು ಕಡತ ಬರುತ್ತದೆ. ನಿಜವಾದ ಲಗ್ನಪತ್ರಿಕೆ ಚಿತ್ರವಾಗಿ ಬರುತ್ತದೆ. ಒತ್ತಿದೊಡನೆ 'ಇನ್‌ಸ್ಟಾಲ್ ಮಾಡಲೇ' ಎಂದು ಕೇಳಿದರೆ ಅದು ಲಗ್ನಪತ್ರಿಕೆಯಲ್ಲ, ನಿಮ್ಮ ಓಟಿಪಿಗಳನ್ನು ಓದಿ ಕಳ್ಳನಿಗೆ ಕಳಿಸುವ ಆ್ಯಪ್. ಇನ್ನೊಂದು, ವಧುವರರ ಜಾಲತಾಣಗಳಲ್ಲಿ ಪರಿಚಯವಾಗುವ ಪರದೇಶದ ವರ. ಮಗಳಿಗೆ ಉಡುಗೊರೆ ಕಳಿಸಿದ್ದೇನೆ ಎನ್ನುತ್ತಾನೆ. ಆಮೇಲೆ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರು ಎಂದು ಫೋನು ಬರುತ್ತದೆ, ಸುಂಕ ಕಟ್ಟಿ ಎಂದು. ವರದಕ್ಷಿಣೆ ಕೇಳದ ವರ ಸಿಕ್ಕನೆಂದು ಹಿಗ್ಗಿದ ತಂದೆತಾಯಿ ಸಾಲ ತಂದು ಕಟ್ಟುತ್ತಾರೆ. ವರನೂ ಇಲ್ಲ, ಉಡುಗೊರೆಯೂ ಇಲ್ಲ. ಮುಖಾಮುಖಿ ಕಾಣದ ವರನಿಗೆ ಒಂದು ರೂಪಾಯಿಯನ್ನೂ ಕಳಿಸಬಾರದು.

ಆರನೆಯದು ಬಂಧನದ ಬೆದರಿಕೆ. 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ವೀಡಿಯೋ ಫೋನಿನಲ್ಲಿ ಯಾರನ್ನೂ ಬಂಧಿಸುವುದಿಲ್ಲ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ, ವಿಶೇಷ ಸಂದರ್ಭದ ಹೊರತು ಹೆಣ್ಣನ್ನು ಬಂಧಿಸುವಂತಿಲ್ಲ. ಅಂಥ ಸಂದರ್ಭದಲ್ಲೂ ಮಹಿಳಾ ಪೊಲೀಸ್ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. ಹಾಗಾಗಿ ಫೋನು ಇಟ್ಟುಬಿಡಿ. ಸಾಲದ ಆ್ಯಪಿನವರು ನಿಮ್ಮ ಭಾವಚಿತ್ರವನ್ನು ತಿರುಚಿ ನಂಟರಿಗೆ ಕಳಿಸುತ್ತೇವೆ ಎಂದು ಹೆದರಿಸಿದರೂ ರೊಕ್ಕ ಕಟ್ಟಬೇಡಿ. ಒಮ್ಮೆ ಕಟ್ಟಿದವರನ್ನು ಅವರು ಬಿಡುವುದಿಲ್ಲ. ಅದು ಅವರ ಅಪರಾಧ, ನಿಮ್ಮ ಮಾನ ಹೋಗುವ ವಿಷಯವಲ್ಲ.

ಕೊನೆಯದು ಬಾಡಿಗೆ ಖಾತೆ. "ನಿನ್ನ ಹೆಸರಲ್ಲಿ ಖಾತೆ ತೆಗೆದು ಎಟಿಎಂ ಕಾರ್ಡು ಕೊಡು, ಐದು ಸಾವಿರ ಕೊಡತೀನಿ" ಎಂದು ಪರಿಚಯದ ಹುಡುಗರೇ ಕೇಳುತ್ತಾರೆ. ಮೋಸದ ಹಣ ಹರಿದುಹೋಗುವುದು ಇಂಥ ಬಡವರ ಖಾತೆಗಳ ಮೂಲಕ. ಪೊಲೀಸರು ಮೊದಲು ಬಾಗಿಲು ತಟ್ಟುವುದು ಖಾತೆಯ ಒಡತಿಯ ಮನೆಯನ್ನು. ಅಳಿಯ ಕೇಳಿದರೂ ಮೈದುನ ಕೇಳಿದರೂ ಕಾರ್ಡು ಕೊಡಬೇಡಿ.

ಇಷ್ಟೆಲ್ಲ ಎಚ್ಚರ ವಹಿಸಿಯೂ ಮೋಸವಾಯಿತು ಎನ್ನಿ. ಆಗ ಮಾಡಬೇಕಾದ್ದನ್ನು ಬಾಯಿಪಾಠ ಮಾಡಿಕೊಳ್ಳಿ. ತಕ್ಷಣ 1930 ನಂಬರಿಗೆ ಫೋನು ಮಾಡಬೇಕು. ನಿಮ್ಮ ಬ್ಯಾಂಕಿನ ಹೆಸರು, ಹೋದ ಮೊತ್ತ, ಹೊತ್ತು, ಮೆಸೇಜಿನಲ್ಲಿರುವ ವ್ಯವಹಾರದ ನಂಬರು ಇವಿಷ್ಟನ್ನು ಹೇಳಬೇಕು. ನೀವು ದೂರು ಕೊಟ್ಟೊಡನೆ ರೊಕ್ಕ ಯಾವ ಬ್ಯಾಂಕಿಗೆ ಹೋಗಿದೆಯೋ ಅಲ್ಲಿಗೆ ಸೂಚನೆ ಹೋಗುತ್ತದೆ, ಅಲ್ಲಿ ಉಳಿದಿರುವ ಹಣವನ್ನು ತಡೆಹಿಡಿಯುತ್ತಾರೆ. ಕಳ್ಳ ಅದನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸಿ ಕೊನೆಗೆ ನಗದು ಮಾಡಿಕೊಳ್ಳುತ್ತಾನೆ. ಅವನು ಮುಂದೆ ಓಡುತ್ತಾನೆ, ಸೂಚನೆ ಹಿಂದೆ ಓಡುತ್ತದೆ. ಅದಕ್ಕೇ ಮೊದಲ ಗಂಟೆಗೆ ಅಷ್ಟು ಬೆಲೆ. ಆಮೇಲೆ ನಿಮ್ಮ ಬ್ಯಾಂಕಿಗೆ ತಿಳಿಸಿ, ಖಾತೆಗೆ ತಡೆ ಹಾಕಿಸಿ, ದೂರಿನ ಸ್ವೀಕೃತಿ ಪಡೆಯಿರಿ. ನಂತರ ವಿಜಯಪುರದ ಸಿಇಎನ್ ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಡಿ. ಸೈಬರ್ ಅಪರಾಧಗಳಿಗಾಗಿಯೇ ಇರುವ ಠಾಣೆ ಅದು. ಮೆಸೇಜುಗಳನ್ನು ಅಳಿಸಬೇಡಿ, ಅವೇ ಸಾಕ್ಷಿ.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಒಂದು ತತ್ವವನ್ನು ಹಾಕಿಕೊಟ್ಟಿತು. ನಿಮ್ಮದೂ ತಪ್ಪಿಲ್ಲದೆ, ಬ್ಯಾಂಕಿನದೂ ತಪ್ಪಿಲ್ಲದೆ, ಹೊರಗಿನವರು ರೊಕ್ಕ ಎಗರಿಸಿದರೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಹೊಣೆ ಇಲ್ಲ. ಪಿನ್ನನ್ನೋ ಓಟಿಪಿಯನ್ನೋ ನೀವೇ ಹೇಳಿಬಿಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಅಂದರೆ ನೀವು ಬಾಯಿ ಬಿಟ್ಟ ಗಳಿಗೆಯೇ ಗಡಿರೇಖೆ. ಸೀರೆಯ ಹೆಣ್ಣುಮಗಳ ಹನ್ನೆರಡು ದಿನಗಳ ಮೌನಕ್ಕೆ ಎಷ್ಟು ಬೆಲೆ ತೆರಬೇಕಾಯಿತು ಎಂಬುದು ಈಗ ನಿಮಗೆ ಅರ್ಥವಾಗಬಹುದು.

ಇನ್ನು ಮನೆಯ ಮಾತಿಗೆ ಬರೋಣ. ರೊಕ್ಕ ಕಳೆದಳೆಂದು ಹೆಂಡತಿಯನ್ನು ಹೊಡೆಯುವ ಅಧಿಕಾರ ಯಾವ ಗಂಡನಿಗೂ ಇಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಲ್ಲಿ ಹೊಡೆತವೂ ಹಿಂಸೆಯೇ, ಅವಮಾನವೂ ಹಿಂಸೆಯೇ, ಅವಳ ರೊಕ್ಕವನ್ನು ಕಿತ್ತುಕೊಳ್ಳುವುದೂ ಹಿಂಸೆಯೇ. ಕಾನೂನುಬಾಹಿರವಾಗಿ ತವರಿನಿಂದ ಹಣ ತರಿಸಲು ಪೀಡಿಸುವುದು ಹಿಂದೆ 498ಎ ಕಲಮಿನಲ್ಲಿ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಲ್ಲಿ ಅದು ಈಗಲೂ ಅಪರಾಧವೇ. ಇಂದು ಕಾರಣ ಮೊಬೈಲು, ನಿನ್ನೆ ಕಾರಣ ಬೈಕು, ಮೊನ್ನೆ ಕಾರಣ ಬಂಗಾರ. ತವರಿನಿಂದ ತಾ ಎಂಬ ಕೂಗು ಮಾತ್ರ ಒಂದೇ. ಹಾಗೆ ಪೀಡಿಸಿದರೆ 181 ಮಹಿಳಾ ಸಹಾಯವಾಣಿಗೆ, ಹೊಡೆತದ ಅಪಾಯವಿದ್ದರೆ 112ಕ್ಕೆ ಫೋನು ಮಾಡಿ.

ಇನ್ನೊಂದು ಅಪಾಯವೂ ಇದೆ. ಒಮ್ಮೆ ಮೋಸವಾದರೆ "ನಿನಗ್ಯಾಕ ಬೇಕು ಮೊಬೈಲು, ನಿನಗ್ಯಾಕ ಬೇಕು ಎಟಿಎಂ" ಎಂದು ಮನೆಯವರು ಕಾರ್ಡನ್ನೂ ಪಿನ್ನನ್ನೂ ತಾವೇ ಇಟ್ಟುಕೊಳ್ಳುತ್ತಾರೆ. ಕಾಳಜಿಯ ಹೆಸರಿನಲ್ಲಿ ಅವಳ ಖಾತೆ ಅವಳ ಕೈತಪ್ಪುತ್ತದೆ. ನಾನು ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವಳು. ದುಡಿಮೆ ಹೆಣ್ಣಿನದು, ಲೆಕ್ಕ ಗಂಡಸಿನದು ಎಂಬ ಪದ್ಧತಿ ನಮ್ಮ ಮನೆಗಳಲ್ಲಿ ಎಷ್ಟು ಆಳವಾಗಿದೆ ಎಂದು ಬಲ್ಲೆ. ಈ ಜಿಲ್ಲೆಯಲ್ಲಿ 1989ರಲ್ಲಿ ಮಹಿಳಾ ಸಮಖ್ಯ ಕಾರ್ಯಕ್ರಮ ಶುರುವಾದಾಗ, ಸಭೆಯಲ್ಲಿ ತನ್ನ ಹೆಸರು ಹೇಳಲೂ ಸಂಕೋಚಪಡುವ ಹೆಂಗಸರು ಎಷ್ಟೋ ಮಂದಿ ಇದ್ದರು. ಆಮೇಲೆ ಸಂಘ ಕಟ್ಟಿದರು, ಉಳಿತಾಯ ಮಾಡಿದರು, ಬ್ಯಾಂಕಿನ ಮೆಟ್ಟಿಲು ಹತ್ತಿದರು. ಅಷ್ಟು ದೂರ ನಡೆದು ಬಂದವರು ಒಬ್ಬ ಮೋಸಗಾರನ ಕಾರಣಕ್ಕೆ ಹಿಂದಕ್ಕೆ ಹೋಗಬಾರದು. ಮೋಸಕ್ಕೆ ಪರಿಹಾರ ಮೊಬೈಲು ಬಿಡುವುದಲ್ಲ, ಮೊಬೈಲು ಕಲಿಯುವುದು.

ಆದ್ದರಿಂದ ಪ್ರತಿ ಸಂಘವೂ ನಾಲ್ಕು ಕೆಲಸ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. 1930 ಎಂಬ ನಂಬರನ್ನು ಸಂಘದ ಪುಸ್ತಕದ ಮೊದಲ ಪುಟದಲ್ಲಿ ಬರೆಯಿರಿ. ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ, ಆ ವಾರ ಯಾರಿಗೆ ಯಾವ ಅನುಮಾನದ ಫೋನು ಬಂತು ಎಂದು ಮಾತಾಡಿ. ಓದು ಬಲ್ಲ ಇಬ್ಬರು ಹುಡುಗಿಯರನ್ನು ಗೊತ್ತುಮಾಡಿ. ಯಾರೇ ಗಾಬರಿಯಾಗಿ ಬಂದರೂ ಮೊದಲು ಫೋನು ಮಾಡಿಸುವುದು ಅವರ ಕೆಲಸ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಮೋಸ ಹೋಗಿ ಬಂದವಳನ್ನು "ಹೆಂಗ ಕೊಟ್ಟಿ? ಯಾಕ ಕೊಟ್ಟಿ?" ಎಂದು ಕೇಳಬೇಡಿ. "ಯಾವಾಗ ಆತು? ಎಷ್ಟು ಹೋತು?" ಎಂದು ಕೇಳಿ, ಫೋನು ಕೈಗೆತ್ತಿಕೊಳ್ಳಿ. ಮನೆಗೆ ಹೋಗಲು ಅವಳು ಹೆದರಿದರೆ ಸಂಘದ ನಾಲ್ಕು ಮಂದಿ ಜೊತೆಗೆ ಹೋಗಿ, ಗಂಡನ ಎದುರಿಗೆ ಕುಳಿತು ಮಾತಾಡಿ. ನಾಲ್ಕು ಹೆಂಗಸರು ಜಗಲಿಯ ಮೇಲೆ ಕುಳಿತಿರುವಾಗ ಎತ್ತಿದ ಕೈ ಕೆಳಗಿಳಿಯುವುದನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ.

ಮನೆಯಲ್ಲಿ ಹೇಳಲಾಗದ್ದನ್ನು ಹೇಳಿಕೊಳ್ಳುವ ಜಾಗ ಎಂದೇ ನಾವು ಸಂಘ ಕಟ್ಟಿದ್ದು. ಹೊಡೆತವನ್ನು ಹೇಳಿಕೊಳ್ಳಲು ಕಲಿತಿದ್ದೇವೆ. ಮೋಸವನ್ನೂ ಹೇಳಿಕೊಳ್ಳಲು ಕಲಿಯೋಣ, ಅದೂ ಅದೇ ದಿನ, ಅದೇ ಗಂಟೆಯಲ್ಲಿ.